ಎಲ್ಲವನ್ನೂ ಓದಿದ್ದೇನೆ ಎಂಬ ಸಹಿ

ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರೊಂದರಲ್ಲಿ ನಾನು ಸರ್ಕಾರಿ ನೌಕರಿಗೆ ಓದುವವರಿಗೆ ವಾದ ಮಾಡುವುದನ್ನು ಕಲಿಸುತ್ತೇನೆ. ಈಚೆಗೆ ಪ್ರತಿ ಬ್ಯಾಚಿಗೂ ಒಂದೇ ವಿಷಯ: ಕೃತಕ ಬುದ್ಧಿಮತ್ತೆಗೆ ಸರ್ಕಾರ ಮೂಗುದಾರ ಹಾಕಬೇಕೆ? ಪರ ಮಾತಾಡುವವರಿಗೂ ವಿರೋಧಿಸುವವರಿಗೂ ನಾನು ಬಾಯಿಪಾಠ ಮಾಡಿಸಿದ ಕೊನೆಯ ಮಾತು ಒಂದೇ: ಯಂತ್ರ ಏನೇ ನಿರ್ಧರಿಸಲಿ, ಅದರ ಮೇಲೆ ಒಬ್ಬ ಮನುಷ್ಯನ ಕಣ್ಣಿರಬೇಕು. ಎಲ್ಲರೂ ತಲೆಯಾಡಿಸುತ್ತಾರೆ. ಆ ಮನುಷ್ಯ ಯಾರು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೋದ ವರ್ಷ ಗೊತ್ತಾಯಿತು. ನಮ್ಮಪ್ಪ.

ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಬೀದರ್ ಕಡೆಯಿಂದ ಈ ತೆಲುಗು ಊರಿಗೆ ಬಂದ ನಮ್ಮ ಮನೆತನದಲ್ಲಿ ಇದು ಮೂರನೆಯ ತಲೆಮಾರಿನ ನೌಕರಿ. ಅಜ್ಜನಿಂದ ಬಂದ ನಿಯಮ ಒಂದೇ, ಓದದ ಕಾಗದಕ್ಕೆ ಸಹಿ ಹಾಕಬಾರದು. ಅಂಥ ಕಚೇರಿಗೆ ಜನರ ಅರ್ಜಿ ವಿಂಗಡಿಸುವ ಯಂತ್ರಬುದ್ಧಿ ಬಂತು. ಒಂದೇ ಅರ್ಜಿ ಮತ್ತೆ ಬಂದಿದೆ ಅನ್ನಿಸಿದರೆ ಅದನ್ನು ತಾನೇ ಮುಚ್ಚಿಬಿಡುತ್ತದೆ. ತಂದು ಕೂರಿಸಿದ ಮೇಲೆ ಮೇಲಿನವರಿಗೆ ಭಯ ಹುಟ್ಟಿತು. ಸುತ್ತೋಲೆ ಹೊರಟಿತು: ಯಂತ್ರದಿಂದ ಜನರಿಗೆ ಹಾನಿಯಾಗಕೂಡದು, ಅದು ಮುಚ್ಚಿದ ಪ್ರತಿಯೊಂದು ಅರ್ಜಿಯನ್ನೂ ಒಬ್ಬ ಅಧಿಕಾರಿ ನೋಡಿ, ತಿಂಗಳ ಕೊನೆಗೆ ‘ಎಲ್ಲವನ್ನೂ ಪರಿಶೀಲಿಸಿದ್ದೇನೆ’ ಎಂದು ಸಹಿ ಮಾಡತಕ್ಕದ್ದು. ಆ ಕೆಲಸ ಅಪ್ಪನಿಗೆ ಬಂತು. ಅವರ ನಿವೃತ್ತಿಗೆ ಐದು ತಿಂಗಳಿತ್ತು. ಸಹಿಯಾದ ಮೇಲೆ ತಪ್ಪು ಹೊರಬಿದ್ದರೆ ವಿಚಾರಣೆ, ವಿಚಾರಣೆ ಇದ್ದರೆ ನಿವೃತ್ತಿಯ ಕಾಗದ ಮುಂದೆ ಹೋಗುವುದಿಲ್ಲ. ತಪ್ಪು ಹೊರಿಸಲು ಇದಕ್ಕಿಂತ ಅನುಕೂಲದ ಹೆಗಲು ಇನ್ನೆಲ್ಲಿ ಸಿಗಬೇಕು?

ಸುತ್ತೋಲೆ ಬರೆದವರು ಅದನ್ನು ಯಾರಾದರೂ ಅಕ್ಷರಶಃ ಪಾಲಿಸುತ್ತಾರೆಂದು ಎಣಿಸಿರಲಾರರು. ಅಪ್ಪ ಪಾಲಿಸಿದರು. ಕಚೇರಿಯಲ್ಲಿ ಮುಗಿಯದ ಅರ್ಜಿಗಳ ಪ್ರಿಂಟು ಮಲ್ಕಾಜ್‌ಗಿರಿಯ ನಮ್ಮ ಮನೆಗೆ, ಊಟದ ಮೇಜಿನ ಮೇಲಕ್ಕೆ ಬಂತು.

“ಅಪ್ಪಾ, ಓದೂದು ತಪ್ಪಲಿ ಅಂತ ಯಂತ್ರ ತಂದ್ರು. ಅದು ಓದಿದ್ದನ್ನ ನೀವು ಮತ್ತ ಓದಾಕತ್ತೀರಿ. ಹಂಗಾರ ಯಂತ್ರ ಯಾಕ?”

“ನನ್ನ ಯಾಕ ಕೇಳ್ತಿ? ಪ್ರತಿಯೊಂದು ಅಂತ ಬರದೈತಿ.”

“ಸಹಿ ಮಾಡೂದಿಲ್ಲ ಅಂತ ಬರದು ಕೊಡ್ರಿ.”

“ನಾ ಬಿಟ್ರ ಇನ್ನೊಬ್ಬ ಮಾಡ್ತಾನ. ಅಂವ ಓದೂದಿಲ್ಲ.”

“ಇದು ವಾದ ಅಲ್ಲರಿ, ಹಠ.”

“ಡಿಬೇಟಿನಾಗ ಕಪ್ ಗೆದ್ದಾಕಿ ನೀ. ವಾದ ನೀ ಮಾಡು, ನಾ ಓದ್ತೀನಿ. ಆ ಚಷ್ಮಾ ಇತ್ತ ಕೊಡು.”

ಅಡುಗೆಮನೆಯಿಂದ ಅವ್ವ ಕೂಗಿದಳು: “ಮೊದಲ ಆ ಕಾಗದ ಸರಸ್ರಿ! ರೊಟ್ಟಿ ಎಲ್ಲಿ ಇಡ್ಲಿ, ನಿಮ್ಮ ತಲಿ ಮ್ಯಾಲ?”

ಮೂರನೆಯ ವಾರ ಅಪ್ಪ ಒಂದು ಕಟ್ಟು ನೋಡುತ್ತ ನಕ್ಕರು. ಆಮೇಲೆ ನಗು ನಿಂತಿತು. ಸನತ್‌ನಗರದ ಕಾರ್ಮಿಕರ ಮನೆಗಳಿಂದ ಹದಿನಾಲ್ಕು ಹೆಂಗಸರು ನಲ್ಲಿಗಾಗಿ ಬೇಡಿದ್ದರು. ಹದಿನಾಲ್ಕೂ ತೆಲುಗಿನಲ್ಲಿ, ಅಕ್ಷರಕ್ಕೆ ಅಕ್ಷರ ಒಂದೇ. ಹೆಸರು, ಮನೆ ನಂಬರು ಮಾತ್ರ ಬೇರೆ ಬೇರೆ. ಒಂದನ್ನು ಉಳಿಸಿ ಹದಿಮೂರನ್ನು ಯಂತ್ರ ಮುಚ್ಚಿತ್ತು.

“ನಮ್ಮ ಗೇಟಿನ ಮುಂದ ಅರ್ಜಿ ಬರಿಯೂ ಮುದುಕಂದು ಇದು,” ಎಂದರು ಅಪ್ಪ. “ಮೂವತ್ತು ವರ್ಷದಿಂದ ಎಲ್ಲಾರಿಗೂ ಒಂದ ಮಾತು. ದಿಕ್ಕಿಲ್ಲದಾಕಿ ಅದೀನಿ, ತಾವ ತಾಯಿ ತಂದಿ. ಗಂಡಸರಿಗೂ ಅದನ್ನ ಬರೀತಾನ.”

ಹದಿಮೂರನ್ನೂ ಮತ್ತೆ ತೆರೆಸಿದರು. ಆದರೆ ತಿಂಗಳು ಮುಗಿದಾಗ ಅರ್ಧದಷ್ಟೂ ಓದಿ ಆಗಿರಲಿಲ್ಲ. ಪ್ರಮಾಣಪತ್ರ ಮೇಜಿಗೆ ಬಂತು. ಅಪ್ಪ ‘ಎಲ್ಲವನ್ನೂ’ ಎಂಬುದನ್ನು ಸ್ಕೇಲು ಹಿಡಿದು ಹೊಡೆದುಹಾಕಿ, ಕೆಳಗೆ ಬರೆದರು: ಜೊತೆಗಿಟ್ಟ ಪಟ್ಟಿಯಲ್ಲಿರುವವನ್ನು ನಾನು ಓದಿದ್ದೇನೆ, ಉಳಿದವನ್ನು ಯಾವ ಮನುಷ್ಯನೂ ಓದಿಲ್ಲ. ಸಹಿ ಹಾಕಿದರು.

ನಮೂನೆಯಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ ಎಂಬ ಷರಾದೊಂದಿಗೆ ಅದು ಹಿಂದಕ್ಕೆ ಬಂತು. ಕೆಲಸ ಪಕ್ಕದ ವಿಭಾಗದವರಿಗೆ ಹೋಯಿತು. ಅವರು ಹೊಸ ಹಾಳೆಗೆ ನಿಂತಲ್ಲೇ ಸಹಿ ಮಾಡಿದರಂತೆ, ಕೈಯಲ್ಲಿ ಚಹಾ ಇತ್ತಂತೆ. ಈ ಕಚೇರಿಯಲ್ಲಿ ಯಂತ್ರ ಸುರಕ್ಷಿತ ಎಂಬ ವರದಿ ಮೇಲಕ್ಕೆ ಹೋಯಿತು. ಅಪ್ಪನ ನಿವೃತ್ತಿ ಪಾರಾಯಿತು ಎಂದು ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನಗೆ ಮೈಯೆಲ್ಲ ಉರಿಯಿತು.

“ಏನ್ ಮಾಡಿದಂಗಾತು? ನೀವು ಓದಿದ್ದೂ ದಂಡ!”

ಅಪ್ಪ ಖಾಲಿ ಹಾಳೆಗಳನ್ನು ನನ್ನ ಮುಂದೆ ಇಟ್ಟರು. “ಆ ಮುದುಕನ ಕೂಡ ಮಾತಾಡಿ ಬಂದೀನಿ. ಒಬ್ಬೊಬ್ಬರಿಗೆ ಒಂದೊಂದು ನಮೂನಿ ಬರಿ ಅಂದ್ರ, ಬ್ಯಾರೆ ಮಾತು ಬರೂದಿಲ್ಲ ಅಂತಾನ. ಒಂದ ಮಾತು ಹತ್ತು ಥರಾ ಹೇಳೂದು ನಿನ್ನ ಕಸಬು. ನೀರು ಬರವಲ್ದು ಅಂತ ಹತ್ತು ಅರ್ಜಿ ಬರದು ಕೊಡು. ಅಂವ ನೋಡಿ ಬರೀತಾನ, ಯಂತ್ರಕ್ಕ ಎಲ್ಲಾ ಒಂದ ಅನಸೂದಿಲ್ಲ.”

“ಇದು ಪರಿಹಾರ ಅಲ್ಲರಿ! ಸರ್ಕಾರ ಮಾಡಬೇಕಾದ್ದನ್ನ ನಾವ್ಯಾಕ…”

“ಹೂಂ. ತೆಲುಗಿನಾಗ ಬರಿ.”

ಆರನೆಯ ಅರ್ಜಿಗೆ ಬಂದರೂ ನಾನು ಬಯ್ಯುವುದು ನಿಂತಿರಲಿಲ್ಲ. ಅಪ್ಪ ಪ್ರತಿಯೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಮೂಲೆಯಲ್ಲಿ ಗಿಡ್ಡ ಸಹಿ ಹಾಕಿ, ಮುಂದಿನ ಹಾಳೆ ನನ್ನ ಕಡೆ ಸರಿಸುತ್ತಿದ್ದರು.