ಎರಡು ಪಾಲಾದ ಏಡಿ ರವಿಕೆ

ಒಗೊಬ್‌ದುಪ್ ದ್ವೀಪದಲ್ಲಿ ಕೆಟ್ಟ ಹೊಲಿಗೆ ಹಾಕಿ ಎದಿಲ್ಸಾಳ ಕಣ್ಣು ತಪ್ಪಿಸಿದವರಿಲ್ಲ. ದಾರಿಯಲ್ಲಿ ಎದುರಾದ ಹುಡುಗಿಯನ್ನು ನಿಲ್ಲಿಸಿ, ರವಿಕೆಯ ಅಂಚೆತ್ತಿ ಒಳಮೈ ನೋಡಿ, "ಇದೇನೇ, ಕಣ್ಣು ಮುಚ್ಕೊಂಡು ಹೊಲ್ದ್ಯಾ?" ಎಂದು ಕೇಳಿ ಮುಂದೆ ಹೋಗುವ ಹೆಂಗಸು ಅವಳು. ವಯಸ್ಸು ಐವತ್ತೊಂಬತ್ತು, ಮೂಗಿನಲ್ಲಿ ಚಿನ್ನದ ಉಂಗುರ, ಪಾದದ ಗಂಟಿನಿಂದ ಮೊಣಕಾಲಿನವರೆಗೂ ಬಿಗಿದು ಸುತ್ತಿದ ಮಣಿಸರ. ಗಂಡ ಫೆರ್ಮಿನ್ ಬೆಳಗಾಗುತ್ತಲೇ ದೋಣಿ ಹತ್ತಿ ಎದುರು ದಡದ ಬಾಳೆತೋಟಕ್ಕೆ ಓಡುವುದು ಬಾಳೆಯ ಮೇಲಿನ ಪ್ರೀತಿಗಲ್ಲ, ಹೆಂಡತಿಯ ನಾಲಿಗೆಗೆ ಹೆದರಿ ಎಂದು ಊರವರು ನಗುತ್ತಿದ್ದರು.

ಆ ನಾಲಿಗೆ ಒಬ್ಬಳ ಜೊತೆ ಮಾತ್ರ ಹನ್ನೊಂದು ವರ್ಷದಿಂದ ಆಡಿರಲಿಲ್ಲ. ಅವಳು ಒಡಹುಟ್ಟಿದ ತಂಗಿ ನೆಲ್ವಾ. ನಮ್ಮಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಎಲ್ಲಿಗೂ ಹೋಗುವುದಿಲ್ಲ, ಗಂಡಂದಿರೇ ಬಂದು ಸೇರುತ್ತಾರೆ. ಹಾಗಾಗಿ ಜಗಳವಾಡಿದ ಅಕ್ಕತಂಗಿಯರಿಗೆ ಓಡಿಹೋಗಲು ತವರೂ ಇಲ್ಲ, ಅತ್ತೆಮನೆಯೂ ಇಲ್ಲ. ಅದೇ ತಾಯಿಮನೆ, ಅದೇ ಒಲೆ, ನಡುವೆ ಒಂದು ಬಿದಿರುಗಡ್ಡಿಯ ಗೋಡೆ. ನೆಲ್ವಾಳ ಮಗಳು ಯಾರಿಸ್ಬೆತ್ ಶಾಲೆಯಲ್ಲಿ ಟೀಚರು. ಮನೆಯಲ್ಲಿ ಅವಳದು ಇನ್ನೊಂದು ಕೆಲಸ, ದೂತಿಯದು.

"ದೊಡ್ಡಮ್ಮ, ಉಪ್ಪು ಎಲ್ಲಿದೆ ಅಂತ ಅಮ್ಮ ಕೇಳ್ತಿದಾಳೆ," ಎನ್ನುವಳು, ಅಮ್ಮ ಮಾರು ದೂರದಲ್ಲೇ ಕೂತಿರುವಾಗ.

"ಇಟ್ಟಲ್ಲೇ ಇದೆ ಅಂತ ಹೇಳು ನಿಮ್ಮಮ್ಮಂಗೆ."

"ಇಟ್ಟಲ್ಲೇ ಇದೆಯಂತೆ ಅಮ್ಮ. ನಿಮ್ಮಿಬ್ರ ಮಧ್ಯ ನನ್ನ ತಲೆಗೂದಲು ಬೆಳ್ಳಗಾಯ್ತು."

ಈ ಮೌನದ ಕಾರಣ ಊರಿಗೆ ಗೊತ್ತಿರಲಿಲ್ಲ. ತೆಂಗಿನಮರದ ಪಾಲಿಗೆ ಇರಬೇಕು ಎಂದುಕೊಂಡು ಜನ ಸುಮ್ಮನಿದ್ದರು. ನಿಜ ಸಂಗತಿ ಇಬ್ಬರಿಗೇ ಗೊತ್ತು. ಅವರ ತಾಯಿ ಒಲೊದಿಲಿ ತೀರಿಕೊಂಡಾಗ, ಹೆಣವನ್ನು ಸಿಂಗರಿಸುವುದು ಹೆಣ್ಣುಮಕ್ಕಳ ಪಾಲಿನ ಕೆಲಸವಾಗಿತ್ತು. ಸತ್ತವಳ ಒಳ್ಳೆಯ ರವಿಕೆಗಳೆಲ್ಲ ಅವಳೊಂದಿಗೇ ಹೋಗಬೇಕು. ಮುಂದಿನ ದಾರಿಯಲ್ಲಿ ಅವಳು ಅವನ್ನೇ ತೊಟ್ಟು ನಡೆಯಬೇಕು. ಆ ಮಧ್ಯಾಹ್ನ ಗಂಡಸರು ಹೆಣವನ್ನು ಎದುರು ದಡದ ಸ್ಮಶಾನಕ್ಕೆ ಒಯ್ಯಲು ದೋಣಿ ತರಹೋಗಿದ್ದಾಗ, ರವಿಕೆಗಳ ರಾಶಿಯಿಂದ ನೆಲ್ವಾ ಒಂದನ್ನು ಎಳೆದಳು. ಅದು ಏಡಿ ರವಿಕೆ. ಅಲೆ ಹಿಂದೆ ಸರಿದಾಗ ಮರಳ ಮೇಲೆ ಏಡಿಗಳು ಬಿಟ್ಟುಹೋಗುವ ಗೆರೆಗಳನ್ನು ನೋಡಿ ನೋಡಿ ಒಲೊದಿಲಿ ತಾನೇ ಕಟ್ಟಿದ ಚಿತ್ತಾರ ಅದರ ಮೇಲಿತ್ತು. ಬೇರೆ ಯಾವ ಮನೆಯಲ್ಲೂ ಆ ಚಿತ್ತಾರವಿಲ್ಲ. ಎದಿಲ್ಸಾ ಬೇಡ ಅನ್ನಲಿಲ್ಲ. ಕತ್ತರಿ ತಂದು ಪಕ್ಕದ ಹೊಲಿಗೆ ಬಿಚ್ಚಿ, ಮುಂಭಾಗ ತಂಗಿಗೆ ಕೊಟ್ಟು ಹಿಂಭಾಗ ತಾನಿಟ್ಟುಕೊಂಡಳು.

ಮೂರು ತಿಂಗಳಾದ ಮೇಲೆ ನೆಲ್ವಾಳ ಕನಸಿನಲ್ಲಿ ತಾಯಿ ಬರಿಮೈಯಲ್ಲಿ ಬಂದು ನಿಂತಳು. ಬೆಳಗ್ಗೆ ನೆಲ್ವಾ ಅಕ್ಕನ ಮೇಲೆ ಹರಿಹಾಯ್ದಳು: "ಕತ್ತರಿ ಹಾಕಿದ್ದು ನೀನು!" ಎದಿಲ್ಸಾ ಬಿಟ್ಟಾಳೆಯೇ? "ರಾಶಿಯಿಂದ ಎಳೆದ ಕೈ ಯಾರ್ದು?" ಅಲ್ಲಿಗೆ ಮಾತು ನಿಂತಿತು.

ನಮ್ಮ ದ್ವೀಪಗಳ ಜನ ಸರ್ಕಾರದ ಮೇಲೆ ಎದ್ದ ಬಂಡಾಯಕ್ಕೆ ನೂರು ವರ್ಷ ತುಂಬುವ ಫೆಬ್ರವರಿ ಹತ್ತಿರ ಬಂದಾಗ, ಹೆಂಗಸರ ಸಂಘದಿಂದ ಏನಾದರೂ ಆಗಬೇಕು ಎಂದು ಊರಸಭೆಯಲ್ಲಿ ಮಾತು ಬಂತು. ಅಜ್ಜಿಯರ ಮೈಮೇಲಿನ ಮೋಲಾವನ್ನು, ಅಂದರೆ ರವಿಕೆಗೆ ಹೊಲಿದ ಚಿತ್ತಾರದ ಬಟ್ಟೆಯನ್ನು, ಪೊಲೀಸರು ಕಿತ್ತೆಸೆದ ಕಾಲ ಅದು. ಅದಕ್ಕೇ ಅಲ್ಲವೇ ಬಂಡಾಯವಾದದ್ದು? ಆದ್ದರಿಂದ ಹಳೆಯ ಮೋಲಾಗಳ ಪ್ರದರ್ಶನ ಮಾಡೋಣ, ಮರೆತುಹೋಗುತ್ತಿರುವ ಚಿತ್ತಾರಗಳನ್ನು ಹುಡುಗಿಯರು ನೋಡಲಿ, ನಕಲು ಮಾಡಿಕೊಳ್ಳಲಿ ಎಂದು ಎದಿಲ್ಸಾಳೇ ಹೇಳಿದಳು. ಹಗ್ಗದ ತೂಗುಮಂಚದಲ್ಲಿ ಮಲಗಿದ್ದ ಮುಖ್ಯಸ್ಥರು ಕಣ್ಣು ತೆರೆಯದೆಯೇ "ಆಗ್ಲಿ" ಎಂದರು.

ಯಾರಿಸ್ಬೆತ್ ನಗರದಲ್ಲಿ ಓದಿ ಬಂದವಳು. ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ಸಾಲಾಗಿ ನೇತುಹಾಕೋಣ, ಕೆಳಗೆ ಹೆಸರಿನ ಚೀಟಿ ಅಂಟಿಸೋಣ ಎಂದಳು.

"ಗಾಜು ಹಾಕಿದ್ರೆ ಬೆರಳು ಎಲ್ಲಿಡೋದು?" ಎಂದಳು ಎದಿಲ್ಸಾ.

"ಮುಟ್ಬಾರ್ದು ಅಂತ್ಲೇ ಗಾಜು ದೊಡ್ಡಮ್ಮ."

"ಮುಟ್ಟದೆ ಮೋಲಾ ನೋಡೋದು ಅಂದ್ರೆ ಮೂಗು ಮುಚ್ಕೊಂಡು ಊಟ ಮಾಡ್ದಂಗೆ. ಮುಂದ್ಗಡೆ ಯಾರು ಬೇಕಾದ್ರೂ ಚಂದ ಮಾಡ್ತಾರೆ ಕಣೇ. ಹಿಂದ್ಗಡೆ ತಿರುಗ್ಸಿದ್ರೇ ಗೊತ್ತಾಗೋದು ಯಾರ ಕೈ, ಎಂಥ ಕೈ ಅಂತ."

ಹೀಗೆ ಅವಳ ಮಾತೇ ನಡೆಯಿತು. ಸಭಾಮನೆಯ ಕಂಬದಿಂದ ಕಂಬಕ್ಕೆ ಮೀನುಬಲೆಯ ದಾರ ಕಟ್ಟುವುದು, ಎರಡು ಬದಿಯೂ ಕಾಣುವಂತೆ ಮೋಲಾಗಳನ್ನು ನೇತುಹಾಕುವುದು ಎಂದಾಯಿತು. ಇನ್ನೊಂದು ನಿಯಮವನ್ನೂ ಅವಳೇ ಮಾಡಿದಳು: ಒಂಟಿ ಮೋಲಾ ತರಕೂಡದು. ರವಿಕೆಗೆ ಎದೆಯ ಕಡೆಗೊಂದು, ಬೆನ್ನಿನ ಕಡೆಗೊಂದು ಎಂದು ಜೋಡಿಯಾಗಿ ಹೊಲಿಯುವುದು. ಜೋಡಿ ಒಂದೇ ಥರ ಕಂಡರೂ ಒಂದೇ ಅಲ್ಲ. ಒಂದರಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರವಿರುತ್ತದೆ. ಪ್ರವಾಸಿಗರಿಗೆ ಒಂದೊಂದೇ ಬಿಡಿಸಿ ಮಾರುವವರ ಬಗ್ಗೆ ಎದಿಲ್ಸಾಳಿಗೆ ಮೊದಲಿನಿಂದಲೂ ಮೈಯುರಿ. ಎರಡೇ ವಾರದಲ್ಲಿ ಮೂವತ್ತೆಂಟು ಜೋಡಿ ಬಂದವು.

ಆಮೇಲೊಂದು ಸಂಜೆ, ಹೆಂಗಸರೆಲ್ಲ ಮಣಿ ಪೋಣಿಸುತ್ತ ಸಭಾಮನೆಯಲ್ಲಿ ಕೂತಿದ್ದಾಗ, ಊರಿಗೇ ಹಿರಿಯಳಾದ ವಿಲ್ಮಿನಜ್ಜಿ ಕೇಳಿದಳು. ಅಜ್ಜಿಗೆ ಕಣ್ಣು ಮಂಜು, ಗಂಟಲು ಮಾತ್ರ ಶಂಖ.

"ಎಲ್ಲಾ ಸರಿ, ಒಲೊದಿಲಿ ಏಡಿ ಎಲ್ಲೇ? ಅದಿಲ್ದೆ ಏನು ಪ್ರದರ್ಶನ?"

ಎದಿಲ್ಸಾ ಸೂಜಿಗೆ ಇನ್ನೊಂದು ಮಣಿ ಪೋಣಿಸಿದಳು. "ಅದು ಅಮ್ಮನ ಜೊತೆ ಹೋಯ್ತಲ್ಲ ಅಜ್ಜಿ."

"ಹೋಗ್ಲೇಬೇಕಿತ್ತು, ಹೋಯ್ತು. ಆದ್ರೆ ಇಬ್ಬಿಬ್ರು ಹೆಣ್ಣುಮಕ್ಳಿದ್ದೂ ಒಬ್ಬಳಾದ್ರೂ ಕಲ್ತ್ಕೊಳ್ಳಬಾರ್ದಿತ್ತಾ? ಕೈಯೇನು ಬಿದ್ದೋಗಿತ್ತಾ?"

ಎದುರು ಬೆಂಚಿನಲ್ಲಿ ಕೂತಿದ್ದ ನೆಲ್ವಾಳ ಮಡಿಲಿನಿಂದ ಮಣಿಗಳು ಚೆಲ್ಲಿ ನೆಲದ ಮೇಲೆಲ್ಲ ಉರುಳಿದವು.

ಆ ಮೇಲಿನ ದಿನಗಳಲ್ಲಿ ಎದಿಲ್ಸಾಳಿಗೆ ಅನ್ನ ಸೇರಲಿಲ್ಲ. ತೋರಿಸಿದರೆ ತಾಯಿಯ ರವಿಕೆ ಕದ್ದ ಮನೆ ಎಂದು ಹೆಸರು ಬೀಳುತ್ತದೆ. ಮುಂದೆ ಯಾರಿಸ್ಬೆತ್‌ಗೆ ಹುಟ್ಟುವ ಮಗಳ ಮದುವೆಯವರೆಗೂ ಜನ ಅದನ್ನೇ ಆಡಿಕೊಳ್ಳುತ್ತಾರೆ. ತೋರಿಸದಿದ್ದರೆ, ಎರಡು ಡಬ್ಬಿಗಳಲ್ಲಿ ಎರಡು ತುಂಡು ಬಟ್ಟೆಯಾಗಿ ಅಮ್ಮನ ಏಡಿ ಜಿರಲೆಗೆ ಆಹಾರವಾಗುತ್ತದೆ. ಕೊನೆಗೆ ಅವಳಿಗೆ ಒಂದು ದಾರಿ ಹೊಳೆಯಿತು: ತನ್ನಲ್ಲಿರುವ ಹಿಂಭಾಗವನ್ನು ಹೊಸ ಬಟ್ಟೆಯಲ್ಲಿ ಹೊಲಿದು, ನೆನಪಿನಿಂದ ಹೊಲಿದೆ ಎನ್ನುವುದು. ಒಂಟಿಯಾದರೂ ಸರಿಯೇ, ನಿಯಮ ಮಾಡಿದವಳೇ ಮುರಿದಳು ಎಂದು ನಗಲಿ.

ಮರೆಯಲ್ಲಿ ಕೂತು ಹೊಲಿದಳು. ಕಪ್ಪು ಬಟ್ಟೆಯ ಕೆಳಗೆ ಕೆಂಪು, ಅದರ ಕೆಳಗೆ ಹಳದಿ. ಮೇಲಿನದನ್ನು ಕತ್ತರಿಸಿ, ಅಂಚು ಒಳಗೆ ಮಡಿಚಿ, ಕಾಣದಂಥ ಹೊಲಿಗೆ. ಮಡಿಲಲ್ಲಿ ಹಳೆಯದು, ಅದರ ಮೇಲೆ ಹೊಸದು. ಅಮ್ಮನ ಸೂಜಿ ತಿರುಗಿದಲ್ಲೆಲ್ಲ ಇವಳ ಸೂಜಿಯೂ ತಿರುಗಿತು. ಎಡಮೂಲೆಯ ಏಡಿಕೊಂಬಿನ ಒಳಗಡೆ ಕೆಂಪಿಗೆ ಇನ್ನೊಂದು ಮಾಸಲು ಕೆಂಪಿನ ತೇಪೆಯಿತ್ತು. ಅಮ್ಮ ಇಟ್ಟಿದ್ದಾಳೆಂದ ಮೇಲೆ ಅದೂ ಚಿತ್ತಾರದ್ದೇ ಎಂದುಕೊಂಡು, ಹುಡುಕಿ ಅಂಥದೇ ಬಣ್ಣ ತಂದು ಇವಳೂ ಇಟ್ಟಳು. ಹೊಲಿಯುವಾಗ ಒಮ್ಮೊಮ್ಮೆ ಗೋಡೆಯಾಚೆ ನೆಲ್ವಾ ಕೆಮ್ಮುವುದು ಕೇಳಿಸುತ್ತಿತ್ತು. ಮುಂಭಾಗದಲ್ಲಿ ಏಡಿ ಯಾವ ಕಡೆಗೆ ಹೋಗುತ್ತದೆ ಎಂದು ಕೇಳಿಬಿಡಲೇ ಎನ್ನಿಸುತ್ತಿತ್ತು. ಆದರೆ ಕೇಳಲಿಲ್ಲ.

ಪ್ರದರ್ಶನದ ಬೆಳಗ್ಗೆ ಸಭಾಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ದ್ವೀಪಗಳಿಂದ ದೋಣಿ ದೋಣಿ ಜನ ಬಂದಿದ್ದರು. ಹೊರಗೆ ದೊಡ್ಡ ಕಡಾಯಿಗಳಲ್ಲಿ ಬಾಳೆಕಾಯಿ, ಮೀನು, ತೆಂಗಿನಹಾಲು ಕುದಿಯುತ್ತಿತ್ತು. ಒಳಗೆ ಗಾಳಿಗೆ ಅಲ್ಲಾಡುವ ಮೋಲಾಗಳ ನಡುವೆ ಹೆಂಗಸರು ನುಸುಳಿ ನುಸುಳಿ, ಹಿಂಬದಿ ತಿರುಗಿಸಿ, "ಇದು ನಮ್ಮತ್ತೆ ಕೈ", "ಅಯ್ಯೋ, ಇವಳದ್ದು ಹೊಲಿಗೆಯೋ ನಾಯಿಹೆಜ್ಜೆಯೋ" ಎಂದು ನಗುತ್ತಿದ್ದರು. ಹುಡುಗಿಯರು ನೆಲದಲ್ಲಿ ಕೂತು ಕಾಗದದ ಮೇಲೆ ಗೆರೆ ಎಳೆದುಕೊಳ್ಳುತ್ತಿದ್ದರು. ಎದಿಲ್ಸಾ ಬಯಸಿದ್ದು ಇದನ್ನೇ. ಆದರೂ ಅವಳ ಕಣ್ಣು ಕೊನೆಯ ದಾರದ ಮೇಲೆಯೇ ಇತ್ತು.

ಯಾರಿಸ್ಬೆತ್ ಕೈಹಿಡಿದು ವಿಲ್ಮಿನಜ್ಜಿಯನ್ನು ಅಲ್ಲಿಗೇ ಕರೆತಂದಳು. "ಅಜ್ಜಿ, ನೋಡಿ! ದೊಡ್ಡಮ್ಮ ನೆನಪಿಂದ್ಲೇ ಏಡಿ ಹೊಲಿದಿದ್ದಾಳೆ."

ಅಜ್ಜಿ ಮೋಲಾವನ್ನು ಮುಖದ ಹತ್ತಿರ ತಂದು ಬೆರಳಾಡಿಸಿದಳು. "ಒಲೊದಿಲಿಯದ್ದೇ! ಎದಿಲ್ಸಾ, ಚಿನ್ನದಂಥ ಕೈ ಕಣೇ ನಿಂದು." ಆಮೇಲೆ ಹಿಂಬದಿ ತಿರುಗಿಸಿದಳು. ಎಡಮೂಲೆಗೆ ಬಂದ ಬೆರಳು ಅಲ್ಲೇ ನಿಂತಿತು. ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಈ ತೇಪೆ ಯಾಕೆ ಹಾಕ್ದೆ?"

"ಅಮ್ಮ ಹಾಕಿದ್ಲು ಅಜ್ಜಿ, ಅದಕ್ಕೆ."

"ನಿಮ್ಮಮ್ಮಂಗೆ ಅವತ್ತು ಕೆಂಪು ಬಟ್ಟೆ ಸಾಲ್ಲಿಲ್ಲ. ನನ್ನ ಹಳೇ ಲಂಗದ ಚೂರು ನಾನೇ ಕೊಟ್ಟೆ. ಯಾರ್ಗೂ ಕಾಣ್ಬಾರ್ದು ಅಂತ ಒಳಗೆ ಸೇರಿಸಿ ಹೊಲಿದ್ಲು. ಅದೇನು ಚಿತ್ತಾರ ಅಲ್ಲ, ಬಡತನ." ಅಜ್ಜಿಗೆ ಸಣ್ಣ ದನಿ ಎಂಬುದು ಗೊತ್ತೇ ಇರಲಿಲ್ಲ. ಸುತ್ತಲಿನವರೆಲ್ಲ ತಿರುಗಿ ನೋಡಿದರು. "ನೆನಪಿಂದ ಹೊಲಿದೋರು ಏಡಿ ಹೊಲೀತಾರೆ, ತೇಪೆ ಹೊಲಿಯಲ್ಲ. ಆ ರವಿಕೆ ನಿನ್ನ ಹತ್ರ ಇದೆ."

ನಗು ನಿಂತಿತು. ಊರಿಗೆಲ್ಲ ಬುದ್ಧಿ ಹೇಳುತ್ತ ಬಂದ ಎದಿಲ್ಸಾ ಊರ ಮುಂದೆ ಬಾಯಿ ಕಟ್ಟಿ ನಿಂತಳು. ನಾಚಿಕೆಗಿಂತ ಹೆಚ್ಚಾಗಿ ಅವಳಿಗೆ ದಣಿವಾಗಿತ್ತು. ಹನ್ನೊಂದು ವರ್ಷ ಇಬ್ಬರೂ ಒಬ್ಬರ ತಲೆಗೆ ಇನ್ನೊಬ್ಬರು ಕಟ್ಟಿದ ಗಂಟು ಹೊತ್ತ ದಣಿವು.

"ಹೌದಜ್ಜಿ," ಎಂದಳು. "ನಾನೇ ತೆಗ್ದೆ. ಅಮ್ಮನ್ನ ಸಿಂಗರಿಸೋವಾಗ ತೆಗ್ದಿಟ್ಕೊಂಡೆ. ನೆಲ್ವಾಗೆ ಇದ್ರಲ್ಲಿ ಏನೂ ಗೊತ್ತಿಲ್ಲ."

"ಸುಳ್ಳು!"

ಜನರ ಹಿಂದಿನಿಂದ ಆ ದನಿ ಬಂತು. ನೆಲ್ವಾ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. ಅವಳು ಅಜ್ಜಿಯ ಕಡೆ ನೋಡಲಿಲ್ಲ, ಅಕ್ಕನ ಮುಖವನ್ನೇ ನೋಡಿದಳು. "ರಾಶಿಯಿಂದ ಎಳೆದೋಳು ನಾನು. ನೀನು ಕತ್ತರಿ ಹಾಕಿದ್ದು ಆಮೇಲೆ. ಎಲ್ಲಾ ನಿಂದೇ ಅಂತ ಹೇಳ್ಕೊಳ್ಳೋಕೆ ನೀನ್ಯಾರು? ಇದ್ರಲ್ಲೂ ನೀನೇ ದೊಡ್ಡೋಳಾ?"

"ಇಷ್ಟು ವರ್ಷ ಬಾಯಿ ಬಿಡದೋಳು ಇವತ್ತು ಊರ ಮುಂದೆ ಕೂಗ್ತೀಯಲ್ಲೇ!" ಎಂದಳು ಎದಿಲ್ಸಾ.

ಯಾರಿಸ್ಬೆತ್ ಅಮ್ಮನನ್ನೂ ದೊಡ್ಡಮ್ಮನನ್ನೂ ನೋಡಿ ಬಾಯಿ ತೆರೆದಳು, ತಾನು ದಾಟಿಸಬೇಕಾದ ಮಾತು ಯಾವುದೂ ಇಲ್ಲವೆಂದು ತಿಳಿದು ಮುಚ್ಚಿದಳು.

ಗುಸುಗುಸು ಎದ್ದಿತು. ಛೇ ಎಂದವರಿದ್ದರು, ಎದ್ದುಹೋದವರೂ ಇದ್ದರು. ಆಗ ವಿಲ್ಮಿನಜ್ಜಿ ಬೆಂಚಿನ ಮೇಲೆ ಕೂತು, "ಬೈಯೋದು ಆಮೇಲೆ ಬೈಯೋಣ, ನಾನೇ ಮೊದ್ಲು ಶುರು ಮಾಡ್ತೀನಿ," ಎಂದಳು. "ಹೋಗಿ ಎರಡನ್ನೂ ತನ್ನಿ. ಸಾಯಂಕಾಲದವರೆಗೆ ಇಲ್ಲಿ ತೂಗ್ಲಿ, ಹುಡುಗೀರು ಬರ್ಕೊಳ್ಳಿ. ನಾಳೆ ಒಲೊದಿಲಿ ಬಟ್ಟೆ ಒಲೊದಿಲಿಗೇ ಕೊಟ್ಟು ಬನ್ನಿ."

ಎರಡು ಡಬ್ಬಿಗಳಿಂದ ಎರಡು ಭಾಗಗಳೂ ಬಂದವು. ಅಕ್ಕಪಕ್ಕ ತೂಗುಹಾಕಿದಾಗ ಎದಿಲ್ಸಾ ನೋಡಿದಳು: ತನ್ನ ಭಾಗದಲ್ಲಿ ಏಡಿ ನೀರಿನ ಕಡೆ ಹೊರಟಿತ್ತು, ತಂಗಿಯದ್ದರಲ್ಲಿ ಮರಳಿನ ಕಡೆ ವಾಪಸು ಬರುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಇಪ್ಪತ್ತು ಕಾಗದಗಳ ಮೇಲೆ ಆ ಏಡಿ ನಡೆದಾಡಿತು.

ಮರುದಿನ ಫೆರ್ಮಿನ್ ಇಬ್ಬರನ್ನೂ ಎದುರು ದಡಕ್ಕೆ ದಾಟಿಸಿದ. ನದಿಯ ಪಕ್ಕದ ಸ್ಮಶಾನದಲ್ಲಿ ಹುಲ್ಲುಮಾಡಿನ ಕೆಳಗೆ ತಾಯಿಯ ಮಣ್ಣುದಿಬ್ಬ, ಅದರ ಮೇಲೆ ಅವಳ ತಟ್ಟೆ, ಅವಳ ಬಟ್ಟಲು. ಅಲ್ಲೇ ಕೂತು ಅಕ್ಕ ಒಂದು ಪಕ್ಕ, ತಂಗಿ ಇನ್ನೊಂದು ಪಕ್ಕ ಹಿಡಿದು ರವಿಕೆಯನ್ನು ಕೂಡಿಸಿ ಹೊಲಿದರು. ದಾರ ಗಿಡ್ಡ ಆಯಿತೆಂದು ನೆಲ್ವಾ ಬೈದಳು, ಎಳೆಯಬೇಡ ಎಂದು ಎದಿಲ್ಸಾ ಬೈದಳು.

ನಮ್ಮಲ್ಲಿ ಹೆಂಗಸರು ಸತ್ತವರ ಮುಂದೆ ಕೂತು, ಅವರ ಬದುಕನ್ನೆಲ್ಲ ಹೇಳಿಕೊಂಡು ಹಾಡಿ ಅಳಬೇಕು. ಹನ್ನೊಂದು ವರ್ಷದ ಹಿಂದೆ ಆ ಮನೆಯಲ್ಲಿ ನೆರೆಯವರು ಅತ್ತಿದ್ದರು. ಹೆಣ್ಣುಮಕ್ಕಳಿಬ್ಬರಿಗೂ ದನಿ ಹೊರಟಿರಲಿಲ್ಲ. ಕದ್ದಿಟ್ಟ ಬಟ್ಟೆ ಮನೆಯೊಳಗಿರುವಾಗ ಯಾವ ಬಾಯಿಂದ ಅಮ್ಮಾ ಎನ್ನುವುದು?

ರವಿಕೆಯನ್ನು ಮಡಿಸಿ ದಿಬ್ಬದ ಮೇಲಿಟ್ಟ ಮೇಲೆ ನೆಲ್ವಾ ಮೊದಲು ಶುರು ಮಾಡಿದಳು. "ಅಮ್ಮಾ, ನಿನ್ನ ಏಡಿ ತಂದಿದೀವಿ. ಇಬ್ರೂ ಬಂದಿದೀವಿ ಅಮ್ಮಾ..." ಎದಿಲ್ಸಾ ದನಿಗೂಡಿಸಲು ಬಾಯಿ ತೆರೆದಳು. ಹಾಡು ಬರಲಿಲ್ಲ. ಅವಳು ತಂಗಿಯ ಹೆಗಲಿಗೆ ಒರಗಿ, ಅಮ್ಮ ಆ ದಿನವೇ ಸತ್ತಳೇನೋ ಎಂಬಂತೆ ಗೋಳೋ ಎಂದು ಅತ್ತಳು.