ಎರೆದ ಮೇಲೆ ಕಾಸಬೇಕು

ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ, ಪದರ ಪದರವಾಗಿ ಪ್ರಿಂಟ್ ಮಾಡಿದ ಉಕ್ಕಿನ ಕ್ಲಾಂಪು ಅದು. ಅಥಣಿ ಕಡೆಯ ಬೆಲ್ಲದ ಗಾಣವೊಂದರ ಪಂಪಿಗೆ ನಾನೇ ಒಯ್ದು ಕೊಟ್ಟಿದ್ದೆ. ವಾರದೊಳಗೆ ಮುರಿಯಿತೆಂದು ಫೋನು ಬಂತು. ನನ್ನ ಮೊದಲ ಡಿಸೈನು, ಕೂಡಲೇ ಹೊರಟೆ.

ಹೋದರೆ ಗಾಣದ ಮೇಸ್ತ್ರಿ ಕಲ್ಲಪ್ಪಜ್ಜ ಎರಡು ತುಂಡುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದ.

"ಯಾರೂ ಮುಟ್ಟಿಲ್ರಿ ಸಾಹೇಬ್ರ. ಸಂಜಿಗೆ ಬಿಗದು ಹೋಗಿದ್ದೆ, ಮುಂಜಾನೆ ನೋಡಿದ್ರ ತಾನ ಮುರದೈತಿ."

ನಾನು ಕೊಟ್ಟಾಗ ಮಂಕು ಬೂದಿ ಬಣ್ಣವಿದ್ದ ಉಕ್ಕು ಈಗ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಅಜ್ಜಾ, ಇದಕ್ಕ ಏನರ ಮಾಡಿದ್ರೇನು?"

"ದಸರಾದ ಖಂಡೆ ಪೂಜಾ ಇತ್ತಲ್ರಿ, ಹತಾರಕ್ಕೆಲ್ಲಾ ಪೂಜಾ ಮಾಡೂದು. ಹೊಸಾದು, ಮಾರಿ ಕಪ್ಪಿಟ್ಟಿತ್ತು. ಆಸಿಡ್‌ನ್ಯಾಗ ಅದ್ದಿ, ಚಂದಂಗ ತೊಳದು, ಕುಂಕುಮ ಹಚ್ಚಿ ಪೂಜಾಕ್ಕ ಕೂಡಿಸಿದ್ದೆ. ಆಮ್ಯಾಲ ಬಿಗದೆ."

ಆಸಿಡ್ಡಿನಿಂದ ಹುಟ್ಟುವ ಹೈಡ್ರೋಜನ್ ಇಂಥ ಗಟ್ಟಿ ಉಕ್ಕಿನೊಳಗೆ ನುಸುಳುತ್ತದೆ, ಬಿಗಿದಿಟ್ಟಲ್ಲೇ ಅದನ್ನು ಸೀಳುತ್ತದೆ, ತೊಳೆದ ಕೂಡಲೇ ನಾಲ್ಕಾರು ತಾಸು ಚೆನ್ನಾಗಿ ಕಾಯಿಸಿದ್ದರೆ ಹೊರಗೆ ಹೋಗುತ್ತಿತ್ತು ಎಂದು ವಿವರಿಸಿದೆ. ಅಜ್ಜ ಹಣೆ ಬಡಿದುಕೊಂಡ.

"ನೀರು ಎರದ ಕೂಸಿಗೆ ಬೆಂಕಿ ಕಾಸಬೇಕಂತ ನಮಗ ಗೊತ್ತಿಲ್ಲೇನ್ರಿ? ಇದು ಇನ್ನೂ ಕೂಸು ಅಂತ ನೀವು ಹೇಳಬೇಕಿತ್ತು!"

ಹೊಸ ಕ್ಲಾಂಪಿನ ಜೊತೆ ಕಳಿಸುವ ಸೂಚನೆಯ ಹಾಳೆಯಲ್ಲಿ ಹೈಡ್ರೋಜನ್ ಬಗ್ಗೆ ಹೊಸದಾಗಿ ಬರೆದಿದ್ದ ಅರ್ಧ ಪುಟ ಹೊಡೆದುಹಾಕಿ ಬರೆದೆ: "ಆಸಿಡ್ ಹಾಕಬೇಡಿ. ಹಾಕಿದರೆ ಎರೆದ ಕೂಸಿನಂತೆ ಕಾಸಿರಿ." ಆಫೀಸಿನಲ್ಲಿ ಇದಕ್ಕೆ ತಕರಾರು ತೆಗೆದವರಲ್ಲಿ ಒಬ್ಬರೂ ಕೂಸಿಗೆ ಎರೆದವರಲ್ಲ.