ಎರಡನೇ ಭಾಗದಲ್ಲಿ ಎದ್ದು ಬಂದವನು

ಹೋದ ವಾರ ಹೊನ್ನವಳ್ಳಿ ರಸ್ತೆಯಲ್ಲಿ ನನ್ನ ಹಳೇ ಮೊಪೆಡ್ಡು ಪಂಚರಾಯಿತು. ಈಗಿನ ಗಾಡಿಗಳಿಗೆ ಟ್ಯೂಬೇ ಇರುವುದಿಲ್ಲ, ರಬ್ಬರಿನ ಬತ್ತಿ ತುರುಕಿ ಕಳಿಸಿಬಿಡುತ್ತಾರೆ. ನನ್ನದಕ್ಕೆ ಟ್ಯೂಬು ಎಳೆದು, ಉಜ್ಜಿ, ಸಲ್ಯೂಷನ್ ಬಳಿಯಬೇಕಾಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ನನ್ನ ಪಕ್ಕದಲ್ಲಿ ಪಂಚರ್ ಅಂಗಡಿ ಇಟ್ಟಿದ್ದ ಅಣ್ಣ ಎದುರಿಗೇ ಕುಕ್ಕರುಗಾಲಲ್ಲಿ ಕೂತಂತಾಯಿತು. ರಸ್ತೆಯಾಚೆ ಗೋಡೆಯ ಮೇಲೆ ಒಂದು ಪೋಸ್ಟರು ಅಂಟಿಸಿದ್ದರು. ನಮ್ಮ ಕಾಲದ ಒಂದು ಫೈಟಿಂಗ್ ಪಿಚ್ಚರನ್ನೇ ಹೊಸ ಹುಡುಗನನ್ನು ಹಾಕಿಕೊಂಡು ಮತ್ತೆ ತೆಗೆದಿದ್ದಾರಂತೆ. ಅಣ್ಣ ಇದ್ದಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ತಿಪಟೂರಿನಲ್ಲಿ ಅವನ ಪಂಚರ್ ಅಂಗಡಿ, ನನ್ನ ಟೈಲರ್ ಅಂಗಡಿ ಅಕ್ಕಪಕ್ಕದಲ್ಲಿದ್ದವು. ನಡುವೆ ಒಂದೇ ತಗಡಿನ ಗೋಡೆ. ನನಗಿಂತ ಸ್ವಲ್ಪ ದೊಡ್ಡವನು, ಬಾಯಿ ಬಲು ಜೋರು. ನಾನು ಹೊಲಿದ ಪ್ಯಾಂಟನ್ನು ಎತ್ತಿ ಹಿಡಿದು, ಇದರೊಳಗೆ ಇಬ್ಬರು ಆರಾಮಾಗಿ ಹೋಗಬಹುದು ಎಂದು ಗಿರಾಕಿಯ ಮುಂದೆಯೇ ನನ್ನ ಮಾನ ಕಳೆಯುತ್ತಿದ್ದ. ನಾನು ಸುಮ್ಮನಿರುತ್ತಿದ್ದೆನೇ? ರಸ್ತೆಗೆ ಮೊಳೆ ಚೆಲ್ಲುವವನು ಇವನೇ ಎಂದು ಅವನ ಗಿರಾಕಿಗಳ ಕಿವಿ ಊದುತ್ತಿದ್ದೆ.

ಅವನಿಗೊಬ್ಬ ತಮ್ಮನಿದ್ದ. ತಂದೆ ಬೇಗ ತೀರಿಕೊಂಡಿದ್ದರಿಂದ ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ತೋಟಕ್ಕೆ ಮೋಟರು ಹಾಕಲು ದಿನಾ ಹೋಗುತ್ತಿದ್ದವನು ಅಣ್ಣ. ಒಂದು ದಿನ ಅಂಗಡಿಗೆ ಹೊತ್ತಾಯಿತೆಂದು ತಮ್ಮನನ್ನು ಕಳಿಸಿದ. ಹಿಂದಿನ ಸಂಜೆ ಬೇಸಿಗೆ ಮಳೆ ಬಿದ್ದು ಸ್ಟಾರ್ಟರ್ ಪೆಟ್ಟಿಗೆಗೆ ನೀರಿಳಿದಿತ್ತು. ಮುಟ್ಟಿದವನು ಅಲ್ಲೇ…

ಅಣ್ಣ ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ತಿಥಿಯ ದಿನವೂ ಇಲ್ಲ. ಬಂದವರಿಗೆಲ್ಲ ತಾನೇ ನಿಂತು ಬಡಿಸಿದ. ಆಮೇಲೆ ತಾನು ಉಣ್ಣುವುದನ್ನು ಬಿಟ್ಟ. ತಟ್ಟೆಯ ಮುಂದೆ ಕೂತು, ಮುದ್ದೆ ಮುರಿದು, ಹಾಗೇ ಎದ್ದುಬಿಡುತ್ತಿದ್ದನಂತೆ.

ಆ ಪಿಚ್ಚರ್ ಬಂದದ್ದು ಅದೇ ವರ್ಷ. ಹೊಡೆದಾಟ ನೋಡಿದರೆ ಮನಸ್ಸು ಹಗುರಾದೀತೆಂದು ನಾನೇ ಬಲವಂತವಾಗಿ ಎಳೆದುಕೊಂಡು ಹೋದೆ. ಕಥೆ ಏನೆಂದು ನನಗಾದರೂ ಎಲ್ಲಿ ಗೊತ್ತಿತ್ತು? ಕೊನೆಯಲ್ಲಿ ಖಳನಾಯಕ ಹೀರೋನ ತಮ್ಮನಿಗೆ ಗುರಿಯಿಟ್ಟು ಗುಂಡು ಹಾರಿಸುತ್ತಾನೆ. ಹೀರೋ ಅಡ್ಡ ಬಂದು ಆ ಗುಂಡಿಗೆ ಎದೆ ಕೊಟ್ಟು, ತಮ್ಮನ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಶಿಳ್ಳೆ ಹೊಡೆಯುತ್ತಿದ್ದ ಟಾಕೀಸು ತಣ್ಣಗಾಯಿತು. ನನ್ನ ಪಕ್ಕದ ಕುರ್ಚಿ ಅಲುಗುತ್ತಿತ್ತು. ಅಣ್ಣ ಟವಲನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ. ಹಿಂದೆ ಮುಂದೆ ಕೂತಿದ್ದ ಮೀಸೆಯ ಗಂಡಸರೆಲ್ಲ ಮೂಗು ಸೀಟುತ್ತಿದ್ದರು. ಅವನ ಅಳು ಅದರಲ್ಲಿ ಸೇರಿಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ದೀಪ ಹತ್ತಿದಾಗ ಮುಖ ಒರೆಸಿಕೊಂಡು, ನಡಿ ಟೀ ಕುಡಿಯೋಣ ಅಂದ. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡನೆಂದು ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಮರುದಿನ ಹೇಳಿದರು.

ಅಲ್ಲಿಂದಾಚೆಗೆ ಅದೊಂದು ರೂಢಿಯೇ ಆಯಿತು. ಆ ಪಿಚ್ಚರ್ ಆಗಾಗ ತಿಪಟೂರಿಗೋ ತುರುವೇಕೆರೆಗೋ ಮರಳಿ ಬರುತ್ತಿತ್ತು. ಅತ್ತಿಗೆ ಸೀರೆಗೆ ಫಾಲ್ಸ್ ಹಾಕಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ದನಿ ತಗ್ಗಿಸಿ ಹೇಳುತ್ತಿದ್ದರು:

“ನಿಮ್ಮಣ್ಣಯ್ಯ ಸರ್ಯಾಗಿ ಉಂಡೇ ಇಲ್ಲ ಕಣಪ್ಪ. ಪಿಚ್ಚರ್‌ಗೆ ಕರ್ಕೊಂಡೋಗು.”

ತಾವು ಮಾತ್ರ ಒಂದು ಸಲವೂ ಬರಲಿಲ್ಲ. ನಾವಿಬ್ಬರು ಹೋಗುತ್ತಿದ್ದೆವು, ಅವನು ಅಳುತ್ತಿದ್ದ, ಬಂದು ಉಣ್ಣುತ್ತಿದ್ದ. ನಮ್ಮ ಕಡೆ ಗಂಡಸಿಗೆ ಮನೆಯಲ್ಲಿ ಅಳಲು ಜಾಗವಿಲ್ಲ. ಹೊಡೆದಾಟದ ಸಿನಿಮಾಗೆ ಹೋದವನು ಅಳಲು ಹೋಗಿದ್ದಾನೆಂದು ಯಾರು ತಾನೇ ಅಂದುಕೊಂಡಾರು?

ವರ್ಷಗಳು ಕಳೆದ ಮೇಲೆ ಎರಡನೇ ಭಾಗ ಬಂತು. ಊರಿಗೆ ಊರೇ ಕುಣಿಯಿತು. ಸತ್ತ ಹೀರೋ ಹೇಗೆ ಬರುತ್ತಾನೆ, ಅವಳಿಯೋ ಮಗನೋ ಎಂದು ನಾವಿಬ್ಬರೂ ತಗಡಿನ ಆಚೆ ಈಚೆ ಕೂತು ವಾದ ಮಾಡಿದೆವು. ಎರಡೂ ಅಲ್ಲ. ಶುರುವಿನಲ್ಲೇ ಅವನು ಕಣ್ಣು ಬಿಟ್ಟ. ಗುಂಡು ಎದೆಗೆ ತಾಗಿರಲೇ ಇಲ್ಲವಂತೆ, ವೈರಿಯನ್ನು ಹಿಡಿಯಲು ಸತ್ತಂತೆ ನಾಟಕವಾಡಿದ್ದನಂತೆ. ಜನ ಎದ್ದು ನಿಂತು ಪೇಪರು ಹರಿದು ತೂರಿದರು. ಆಮೇಲೆ ಕಾರುಗಳು ಹಾರಿದವು, ಕಟ್ಟಡಗಳು ಸಿಡಿದವು. ಮೊದಲನೆಯದರಲ್ಲಿ ಮಾರ್ಕೆಟ್ಟಿನಲ್ಲಿ ನಡೆಯುವ ಒಂದೇ ಒಂದು ಹೊಡೆದಾಟಕ್ಕೆ ನಾವು ಉಸಿರು ಬಿಗಿಹಿಡಿದಿದ್ದೆವು, ಯಾಕೆಂದರೆ ಅಲ್ಲಿ ಅವನಿಗೆ ನೋಯುತ್ತಿತ್ತು. ಇಲ್ಲಿ ನೂರು ಜನ ಮೇಲೆ ಬಿದ್ದರೂ ಯಾಕೆ ಹೆದರಬೇಕು? ಸಾಯುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದಾರಲ್ಲ. ಪಿಚ್ಚರ್ ಮಾಡಿದವರು ನಾವು ಬರೀ ಫೈಟಿಂಗ್ ನೋಡಲು ಬರುತ್ತೇವೆಂದುಕೊಂಡಿದ್ದರು. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಅಣ್ಣ ಇಂಟರ್ವಲ್ಲಿಗೇ ಎದ್ದು ಬಂದ. ಟೀ ಬೇಡವೆಂದ. ಸೈಕಲ್ ಸ್ಟ್ಯಾಂಡಿನ ಕಂಬ ಹಿಡಿದು ನಿಂತು ಅಂದ:

“ಅವ್ನು ಸತ್ತೇ ಇರ್ಲಿಲ್ವಂತೆ ಕಣ್ಲಾ. ನಮ್ಮುಡುಗ ಒಬ್ನೇಯ ಸತ್ತಿದ್ದು.”

ನಾನು ಹೋಗಿ ಸೈಕಲ್ ತೆಗೆದುಕೊಂಡು ಬಂದೆ.

ಅಣ್ಣ ಮತ್ತೆ ಊಟ ಬಿಟ್ಟ. ಅತ್ತಿಗೆ ಬಂದು ಗೋಳಾಡಿದ ಮೇಲೆ ನಾನು ಮೊದಲನೇ ಪಿಚ್ಚರನ್ನೇ ಮೊಬೈಲಿಗೆ ಹಾಕಿಸಿಕೊಂಡು ಅವನ ಅಂಗಡಿಯಲ್ಲಿ ಕೂತೆ. ಅದೇ ಗುಂಡು, ಅದೇ ತಮ್ಮನ ತೊಡೆ. ನಾನು ಕಣ್ಣೊರೆಸಿಕೊಂಡೆ. ಅಣ್ಣ ಕಣ್ಣು ಮಿಟುಕಿಸದೆ ನೋಡಿ, ಮೊಬೈಲನ್ನು ನನ್ನ ಕೈಗೆ ವಾಪಸು ಕೊಟ್ಟ.

“ಎದ್ದೇಳ್ತಾನೆ ಬುಡು.”

ಹೊಸದು ಚೆನ್ನಾಗಿಲ್ಲದಿದ್ದರೆ ಹೋಗಲಿ, ಹಳೆಯದನ್ನೂ ಹಾಳು ಮಾಡಿಹೋಗಿತ್ತು. ಒಂದು ಪಿಚ್ಚರ್ ಮನುಷ್ಯನನ್ನು ಕೊಂದಿತೆಂದು ಹೇಳಿದರೆ ನೀವು ನಗುತ್ತೀರಿ, ನಾನೂ ಹಾಗೆ ಹೇಳುವುದಿಲ್ಲ. ಡಾಕ್ಟರು ಏನೇನೋ ಹೆಸರು ಹೇಳಿದರು. ನಾನು ಕಂಡದ್ದು ಇಷ್ಟೇ: ಅವನು ಸಣ್ಣಗಾಗುತ್ತ ಹೋದ. ನನ್ನ ಪ್ಯಾಂಟುಗಳನ್ನು ಆಡಿಕೊಳ್ಳುವುದು ನಿಂತಿತು. ಗಾಳಿ ಹೊಡೆಯುವಾಗ ಏದುಸಿರು ಬಿಡುತ್ತಿದ್ದ. ಆಮೇಲೊಂದು ಬೆಳಿಗ್ಗೆ ಪಕ್ಕದ ಬಾಗಿಲು ತೆರೆಯಲಿಲ್ಲ… ಅವನ ಮಣ್ಣಿಗೆ ಹೋದಾಗ ನನಗೂ ಅಳು ಬರಲಿಲ್ಲ. ಬಂದವರಿಗೆ ನೀರು ಕೊಡುತ್ತ ಓಡಾಡಿಕೊಂಡಿದ್ದೆ.

ಮೊನ್ನೆ ಆ ಪೋಸ್ಟರಿನ ಹೊಸ ಪಿಚ್ಚರಿಗೆ ಒಬ್ಬನೇ ಹೋಗಿದ್ದೆ. ಹೊಸ ಹುಡುಗ, ಹಳೇ ಕಥೆ ಅಂದಿದ್ದಾರೆ, ಈ ಸಲವಾದರೂ ನೆಟ್ಟಗೆ ಸಾಯಬಹುದು, ಅಣ್ಣನ ಲೆಕ್ಕದಲ್ಲಿ ಅತ್ತು ಬರೋಣವೆಂದುಕೊಂಡಿದ್ದೆ. ಕೊನೆಯ ಸೀನು ಬಂದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಹುಡುಗ ಗುಂಡಿಗೆ ಅಡ್ಡ ಹಾರಿದ, ಅಂಗಿಯೊಳಗಿದ್ದ ಕಬ್ಬಿಣದ ತಗಡಿಗೆ ಗುಂಡು ಬಡಿದು ಕೆಳಗೆ ಬಿತ್ತು. ಅವನು ನಕ್ಕ, ಜನ ಶಿಳ್ಳೆ ಹೊಡೆದರು. ನಾನು ಕನ್ನಡಕ ಹಾಕಿಕೊಂಡು ಹೊರಗೆ ಬಂದೆ.

ಬರುವ ದಾರಿಯಲ್ಲೇ ಅತ್ತಿಗೆಯ ಮನೆ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಎಲ್ಲಿಗೆ ಹೋಗಿದ್ದೆಯೆಂದು ಕೇಳಿದರು, ಹೇಳಿದೆ. ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು.

“ಕೊನೇಲಿ ಸಾಯ್ತಾನೇನಪ್ಪ?”

ಇಲ್ಲ ಅತ್ತಿಗೆ, ಅಂದೆ.

“ಹಂಗಾದ್ರೆ ನಾನು ಹೋಗಿ ಏನ್ ಮಾಡ್ಲಿ…” ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.